ಕಾವೇರಿಗೆ ಸೇರುವ ನಿಮ್ಮೂರ ಹಳ್ಳಕ್ಕೆ ಸರ್ಕಾರದ ದುಡ್ಡು ತರುವುದು ಹೇಗೆ

ನಮ್ಮೂರ ಹಳ್ಳ ಲಕ್ಷ್ಮಣತೀರ್ಥಕ್ಕೆ ಸೇರುತ್ತದೆ, ಲಕ್ಷ್ಮಣತೀರ್ಥ ಹೋಗಿ ಕೆಆರ್‌ಎಸ್ ಹಿನ್ನೀರಿಗೆ ಬೀಳುತ್ತದೆ. ನಾನು ಚಿಕ್ಕವನಿದ್ದಾಗ ಸಂಕ್ರಾಂತಿಗೆ ಎತ್ತು ಮೈ ತೊಳೆಯುವಷ್ಟು ನೀರು ಅದರಲ್ಲಿ ಇರುತ್ತಿತ್ತು. ಆಮೇಲೆ ದೀಪಾವಳಿ ಹೊತ್ತಿಗೇ ಮರಳು ಕಾಣತೊಡಗಿತು. ಮಳೆ ಬಂದ ದಿನ ಕೆಂಪು ನೀರು ಭೋರ್ಗರೆದು ಹೋಗುತ್ತದೆ, ಮೂರನೇ ದಿನಕ್ಕೆ ಹಳ್ಳ ಖಾಲಿ. ನಿಮ್ಮೂರಲ್ಲೂ ಇದೇ ಕಥೆ ಅಲ್ವಾ?

ಇದನ್ನು ಸರಿ ಮಾಡಲು ಸರ್ಕಾರದಲ್ಲಿ ದುಡ್ಡು ಇದೆ. ಒಂದೇ ಯೋಜನೆಯಲ್ಲಿ ಅಲ್ಲ, ನಾಲ್ಕೈದು ಕಡೆ ಹರಿದು ಹಂಚಿಹೋಗಿದೆ. ಅದನ್ನು ಹುಡುಕಿ ಊರಿಗೆ ತರುವ ದಾರಿ ಏನು ಅಂತ ನಾವು ಕೆಲವರು ನಾಲ್ಕು ವರ್ಷ ಓಡಾಡಿ ಕಲಿತೆವು. ಕೊಡಗಿನಿಂದ ಕನಕಪುರದವರೆಗೆ, ಹೇಮಾವತಿ, ಹಾರಂಗಿ, ಕಬಿನಿ, ಸುವರ್ಣಾವತಿ, ಶಿಂಷಾ, ಅರ್ಕಾವತಿ, ಯಾವ ಹೊಳೆಯ ಕಡೆಯವರಾದರೂ ಈ ದಾರಿ ಹೆಚ್ಚುಕಡಿಮೆ ಒಂದೇ.

ಕಾವೇರಿ ಅಂದ ಕೂಡಲೇ ನಾವೆಲ್ಲ ಟಿಎಂಸಿ ಲೆಕ್ಕ ಶುರು ಮಾಡುತ್ತೇವೆ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ನಮಗೆ 284.75 ಟಿಎಂಸಿ ಅಂತಾಯಿತು, ಸರಿ. ಆದರೆ ಆ ನೀರು ಅಣೆಕಟ್ಟೆಯಲ್ಲಿ ಹುಟ್ಟುವುದಿಲ್ಲ. ಕಾವೇರಿ ಕೊಳ್ಳ ಒಟ್ಟು 81,155 ಚದರ ಕಿಲೋಮೀಟರ್, ಅದರಲ್ಲಿ 34,273 ನಮ್ಮ ರಾಜ್ಯದಲ್ಲಿದೆ. ಅಷ್ಟು ಜಾಗದ ಗುಡ್ಡ, ಬೋರೆ, ಹೊಲ, ಗೋಮಾಳ, ತೋಟ ಎಲ್ಲದರ ಮೇಲೆ ಬಿದ್ದ ಮಳೆ ಸೇರಿ ನದಿ ಆಗುತ್ತದೆ. ಹಾಗಾಗಿ ಕೆಲಸ ಶುರುವಾಗಬೇಕಾದ್ದು ನಿಮ್ಮ ಹಳ್ಳದ ತಲೆಯಲ್ಲಿ.

ಮೊದಲು ಮಳೆಯಲ್ಲಿ ನಡೆಯಿರಿ

ಅರ್ಜಿ ಬರೆಯುವ ಮೊದಲು ಒಂದು ಒಳ್ಳೆ ಮಳೆ ಬರುವಾಗ ನಾಲ್ಕು ಜನ ಸೇರಿ ಹಳ್ಳದ ಜೊತೆ ಮೇಲಕ್ಕೆ ನಡೆಯಿರಿ. ನೀರು ಎಲ್ಲಿಂದ ಇಳಿಯುತ್ತಿದೆ, ಎಲ್ಲಿ ಮಣ್ಣು ಕೊರೆಯುತ್ತಿದೆ, ಯಾವ ಹೊಲದ ಬದು ಒಡೆದಿದೆ, ಎಲ್ಲವನ್ನೂ ಫೋನಿನಲ್ಲಿ ಫೋಟೋ ತೆಗೆಯಿರಿ. ಲೊಕೇಷನ್ ಆನ್ ಇರಲಿ. ಬಿಸಿಲಲ್ಲಿ ಹೋದರೆ ಇದು ಯಾವುದೂ ಕಾಣುವುದಿಲ್ಲ.

ಮನೆಗೆ ಬಂದು, ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆಗೆದು, ನೀವು ನೋಡಿದ ಜಾಗಗಳ ಸರ್ವೆ ನಂಬರ್ ಬರೆದುಕೊಳ್ಳಿ. ಯಾವುದು ಖಾಸಗಿ ಹಿಡುವಳಿ, ಯಾವುದು ಗೋಮಾಳ, ಯಾವುದು ಅರಣ್ಯ, ಯಾವುದು ಕೆರೆ ಅಂಗಳ ಅಂತ ಬೇರೆ ಬೇರೆ ಮಾಡಿ. ಇದು ಸುಮ್ನೆ ಕಾಗದದ ಕೆಲಸ ಅಂದುಕೊಳ್ಳಬೇಡಿ, ಯಾಕೆಂದರೆ ಯಾವ ಇಲಾಖೆಯ ಬಾಗಿಲು ತಟ್ಟಬೇಕು ಅನ್ನುವುದು ಪೂರ್ತಿ ಇದರ ಮೇಲೆಯೇ ನಿಂತಿದೆ. ಖಾಸಗಿ ಹೊಲವಾದರೆ ಪಂಚಾಯಿತಿ ಮತ್ತು ಕೃಷಿ ಇಲಾಖೆ. ಅರಣ್ಯವಾದರೆ ಅರಣ್ಯ ಇಲಾಖೆ, ಅಲ್ಲಿ ಪಂಚಾಯಿತಿ ಒಂದು ಗುದ್ದಲಿ ಹಾಕುವಂತಿಲ್ಲ. ಗೋಮಾಳವಾದರೆ ಪಂಚಾಯಿತಿ, ಜೊತೆಗೆ ಕಂದಾಯ ಇಲಾಖೆ.

ಒಂದು ಲೆಕ್ಕ ತಲೆಯಲ್ಲಿರಲಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಹಾಗಾಗಿ 25 ಮಿಲಿಮೀಟರಿನ ಒಂದು ಮಳೆಗೆ ಒಂದು ಎಕರೆ ಮೇಲೆ ಸುಮಾರು ಒಂದು ಲಕ್ಷ ಲೀಟರ್ ಬೀಳುತ್ತದೆ. ಗ್ರಾಮಸಭೆಯಲ್ಲಿ ಈ ಲೆಕ್ಕ ಹೇಳಿ ನೋಡಿ, ಬೇಸರದಿಂದ ಎದ್ದು ಹೋಗುತ್ತಿದ್ದವರು ಕೂರುತ್ತಾರೆ. ನಮ್ಮೂರಲ್ಲಿ ಕೂತರು.

ದುಡ್ಡು ಎಲ್ಲಿದೆ

ಎಲ್ಲರಿಗೂ ಸಿಗುವ ದಾರಿ ಉದ್ಯೋಗ ಖಾತ್ರಿ. 2005ರ ಕಾಯ್ದೆಯಿಂದ ಬಂದ ನರೇಗಾದಲ್ಲಿ ಕಂದಕ ಬದು, ಕೃಷಿ ಹೊಂಡ, ಇಂಗುಗುಂಡಿ, ಗೋಕಟ್ಟೆ, ಚೆಕ್ ಡ್ಯಾಂ, ಕೆರೆ ಹೂಳೆತ್ತುವುದು, ಗಿಡ ನೆಡುವುದು ಎಲ್ಲವನ್ನೂ ಮಾಡಿಸಬಹುದು ಅಂತಿತ್ತು. ಜಿಲ್ಲೆಯ ಕಾಮಗಾರಿ ವೆಚ್ಚದಲ್ಲಿ ಕನಿಷ್ಠ ಶೇಕಡಾ 60ರಷ್ಟು ಭೂಮಿ, ನೀರು, ಮರಗಳ ಮೂಲಕ ಕೃಷಿಗೆ ನೆರವಾಗುವ ಕೆಲಸಕ್ಕೇ ಹೋಗಬೇಕು ಅಂತ ನರೇಗಾ ನಿಯಮದಲ್ಲೇ ಇತ್ತು, ಪಂಚಾಯಿತಿಯಲ್ಲಿ ಬರೀ ರಸ್ತೆ ಚರಂಡಿ ಮಾತಾಡಿದರೆ ಈಗಿನ ನಿಯಮ ಏನು ಅಂತ ಕೇಳಿ. ಸಣ್ಣ, ಅತಿ ಸಣ್ಣ ರೈತರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ತಮ್ಮ ಸ್ವಂತ ಹೊಲದಲ್ಲೇ ಬದು ಹಾಕಿಕೊಂಡು ಕೂಲಿ ಪಡೆಯಬಹುದಿತ್ತು. 2025-26ರಲ್ಲಿ ನಮ್ಮ ರಾಜ್ಯದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 2005ರ ಕಾಯ್ದೆಯ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಹೊಸ ಕಾಯ್ದೆ ಬಂದಿದೆ. ಖಾತ್ರಿ ಯೋಜನೆಯ ಹೆಸರು, ದಿನಗಳ ಲೆಕ್ಕ, ಕೂಲಿ ದರ ಆಗಾಗ ಬದಲಾಗುತ್ತದೆ, ಹಾಗಾಗಿ ನೀವು ಹೋಗುವ ದಿನ ಯಾವ ನಿಯಮ ನಡೆಯುತ್ತಿದೆ ಅಂತ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರವೇ ಕೇಳಿಕೊಳ್ಳಿ.

ಎರಡನೆಯದು ಜಲಾನಯನ ಯೋಜನೆ, ಅಂದರೆ ಒಂದು ಹಳ್ಳಕ್ಕೆ ನೀರು ಇಳಿಯುವ ಅಷ್ಟೂ ಜಾಗಕ್ಕೆ ಮಾಡುವ ಕೆಲಸ. ಪ್ರಧಾನ ಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಭಾಗದ 2.0 ಹಂತ 2021-22ರಿಂದ 2025-26ರವರೆಗೆ ಅಂತ ಮಂಜೂರಾಗಿತ್ತು, ಇಡೀ ದೇಶದಲ್ಲಿ 49.5 ಲಕ್ಷ ಹೆಕ್ಟೇರಿಗೆ, ಕೇಂದ್ರದ ಪಾಲು 8,134 ಕೋಟಿ. ಬಯಲು ಸೀಮೆಗೆ ಹೆಕ್ಟೇರಿಗೆ 22,000 ರೂಪಾಯಿ, ಕಷ್ಟದ ಗುಡ್ಡಗಾಡು ಪ್ರದೇಶಕ್ಕೆ 28,000. ದುಡ್ಡು ಕೇಂದ್ರ 60, ರಾಜ್ಯ 40ರ ಲೆಕ್ಕದಲ್ಲಿ ಬರುತ್ತಿತ್ತು. ಇಲ್ಲಿ ಒಂದು ಮಾತು ಗಮನಿಸಿ. ಇದು ನೀವು ಒಬ್ಬರೇ ಅರ್ಜಿ ಹಾಕಿ ಪಡೆಯುವ ಯೋಜನೆ ಅಲ್ಲ. ಸುಮಾರು 5,000 ಹೆಕ್ಟೇರಿನ ಒಂದೊಂದು ಪ್ರದೇಶವನ್ನು ಮೊದಲೇ ಆರಿಸಿ, ಅದನ್ನು ಸುಮಾರು 500 ಹೆಕ್ಟೇರಿನ ಕಿರು ಜಲಾನಯನಗಳಾಗಿ ಒಡೆದು ಕೆಲಸ ಮಾಡುತ್ತಾರೆ. ನಿಮ್ಮೂರು ಆ ನಕ್ಷೆಯೊಳಗೆ ಇದೆಯಾ, ಮುಂದಿನ ಹಂತದ ಪಟ್ಟಿಗೆ ಸೇರಿಸಬಹುದಾ ಅಂತ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಇದ್ದರೆ ಊರಿನ ಜಲಾನಯನ ಸಮಿತಿಗೆ ಸೇರಿಕೊಳ್ಳಿ. ಆ ಸಮಿತಿಯನ್ನು ಗ್ರಾಮಸಭೆಯಲ್ಲಿ ಮಾಡಬೇಕು. ಎಷ್ಟೋ ಊರಲ್ಲಿ ಅದರಲ್ಲಿ ಯಾರಿದ್ದಾರೆ ಅಂತ ಊರವರಿಗೇ ಗೊತ್ತಿರುವುದಿಲ್ಲ, ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಕೃಷಿ ಹೊಂಡ ಬೇಕಾದವರಿಗೆ ಕೃಷಿ ಭಾಗ್ಯ ಇದೆ. 2014ರಲ್ಲಿ ಶುರುವಾದದ್ದು, ನಡುವೆ ಮಂಕಾಗಿ 2023-24ರಲ್ಲಿ ಮತ್ತೆ ಬಂತು. ಹೊಂಡಕ್ಕೆ ಸಾಮಾನ್ಯ ವರ್ಗಕ್ಕೆ ಶೇಕಡಾ 80, ಪರಿಶಿಷ್ಟರಿಗೆ 90 ಸಹಾಯಧನ. ಅರ್ಜಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಫ್ರೂಟ್ಸ್ (ಸರ್ಕಾರದ ರೈತರ ನೋಂದಣಿ) ಗುರುತಿನ ಸಂಖ್ಯೆ ಇಲ್ಲದೆ ಈಗ ಏನೂ ನಡೆಯುವುದಿಲ್ಲ, ಮೊದಲು ಅದನ್ನು ಮಾಡಿಸಿ, ನಿಮ್ಮ ಎಲ್ಲ ಸರ್ವೆ ನಂಬರ್ ಅದರಲ್ಲಿ ಸೇರಿದೆಯಾ ನೋಡಿಕೊಳ್ಳಿ. ಪಹಣಿಯಲ್ಲಿ ತೀರಿಹೋದ ಅಪ್ಪನ ಹೆಸರೇ ಇದ್ದರೆ ಪೌತಿ ಖಾತೆ, ಅಂದರೆ ಅದನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಮೊದಲು. ಅರ್ಧ ಜನರ ಅರ್ಜಿ ಬಿದ್ದುಹೋಗುವುದು ಇಲ್ಲೇ.

ಊರ ಚರಂಡಿ ನೀರು ನೇರ ಹಳ್ಳಕ್ಕೆ ಬೀಳುತ್ತಿದ್ದರೆ ಪಂಚಾಯಿತಿಗೆ ಬರುವ ಹಣಕಾಸು ಆಯೋಗದ ಅನುದಾನ ನೋಡಿ. 2021ರಿಂದ 2026ರವರೆಗಿನ 15ನೇ ಆಯೋಗದಲ್ಲಿ ಶೇಕಡಾ 60 ನಿರ್ಬಂಧಿತ ಅನುದಾನ, ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ ಅಂತಲೇ ಇತ್ತು. ಹೊಸ ಆಯೋಗದ ಹಂಚಿಕೆ ಹೇಗಿದೆ ಅಂತ ಪಂಚಾಯಿತಿ ಲೆಕ್ಕ ಸಹಾಯಕರನ್ನು ಕೇಳಿ. ಪಟ್ಟಣದ ಕೊಳಚೆ ಬರುತ್ತಿದ್ದರೆ ಅದು ಬೇರೆ ಹೋರಾಟ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ 351 ಕಲುಷಿತ ನದಿ ಭಾಗಗಳಲ್ಲಿ ನಮ್ಮ ರಾಜ್ಯದವು 17, ಕಾವೇರಿ, ಅರ್ಕಾವತಿ, ಕಬಿನಿ, ಲಕ್ಷ್ಮಣತೀರ್ಥ, ಶಿಂಷಾ ಎಲ್ಲ ಆ ಪಟ್ಟಿಯಲ್ಲಿವೆ. ನಿಮ್ಮ ದೂರಿನಲ್ಲಿ ಆ ಪಟ್ಟಿಯ ಮಾತು ಬರಲಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಲಿಖಿತವಾಗಿ ಕೊಡಿ.

ಗಾಂಧಿ ಜಯಂತಿ ದಾಟುವ ಮೊದಲು

ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಕ್ರಿಯಾ ಯೋಜನೆಯಲ್ಲಿ, ಅಂದರೆ ಪಂಚಾಯಿತಿ ಆ ವರ್ಷ ಮಾಡುವ ಕೆಲಸಗಳ ಪಟ್ಟಿಯಲ್ಲಿ, ಹೆಸರಿಲ್ಲದ ಕೆಲಸಕ್ಕೆ ದುಡ್ಡಿಲ್ಲ. ಮುಂದಿನ ವರ್ಷದ ಕ್ರಿಯಾ ಯೋಜನೆ ಹಿಂದಿನ ಅಕ್ಟೋಬರ್ ಆಸುಪಾಸಿನಲ್ಲೇ ತಯಾರಾಗತೊಡಗುತ್ತದೆ. ನಾವು ಮೊದಲ ವರ್ಷ ಜೂನ್‌ನಲ್ಲಿ ಮಳೆ ನೋಡಿ ಹುರುಪಿನಿಂದ ಹೋದೆವು. ಪಟ್ಟಿ ಮುಗಿದಿದೆ ಅಂದರು. ಒಂದು ಮಳೆಗಾಲ ಹಾಗೇ ಹೋಯಿತು.

ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ಆಗಲೇಬೇಕು. ನಿಮ್ಮ ಬೇಡಿಕೆ ಮೊದಲು ವಾರ್ಡ್ ಸಭೆಯಲ್ಲಿ ಹೋಗಲಿ. ಸರ್ವೆ ನಂಬರ್, ಕೆಲಸದ ಹೆಸರು, ರೈತರ ಹೆಸರು, ಜಾಬ್ ಕಾರ್ಡ್ ಸಂಖ್ಯೆ, ಮಳೆಯಲ್ಲಿ ತೆಗೆದ ಫೋಟೋ, ಇಷ್ಟನ್ನು ಒಂದೇ ಹಾಳೆಗೆ ಜೋಡಿಸಿ ಕೊಡಿ. ಮೂವತ್ತು ರೈತರು ಒಟ್ಟಿಗೆ ಒಂದೇ ಹಳ್ಳದ ತಲೆಯಿಂದ ಕೇಳಿದರೆ ಅದನ್ನು ಪಕ್ಕಕ್ಕೆ ಇಡುವುದು ಯಾರಿಗೂ ಸುಲಭವಲ್ಲ. ಒಬ್ಬೊಬ್ಬರೇ ಹೋದರೆ ಒಂದು ಹೊಲಕ್ಕೆ ಸಿಗುತ್ತದೆ, ಇನ್ನೊಂದಕ್ಕೆ ಇಲ್ಲ, ಮಧ್ಯದ ಒಡೆದ ಬದುವಿನಿಂದ ಎಲ್ಲರದ್ದೂ ಕೊಚ್ಚಿಹೋಗುತ್ತದೆ.

ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ತೆಗೆದುಕೊಳ್ಳಿ. ದಿನಾಂಕ, ಸೀಲು, ಸಹಿ. ಒಂದು ಕಚೇರಿಯಲ್ಲಿ ನಮ್ಮ ಇಡೀ ಕಟ್ಟು ಕಳೆದುಹೋಯಿತು, ಕೊಟ್ಟಿದ್ದಕ್ಕೆ ನಮ್ಮ ಹತ್ತಿರ ಏನೂ ಆಧಾರ ಇರಲಿಲ್ಲ. ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕದಲ್ಲಿ ನಿಮ್ಮ ಬೇಡಿಕೆ ಬರೆದಿದ್ದಾರಾ ಅಂತ ಅಲ್ಲೇ ಓದಿ ನೋಡಿ. ನಾಚಿಕೆ ಬೇಡ.

ಏನು ಕೇಳಬೇಕು, ಎಲ್ಲಿ ಕೇಳಬೇಕು

ಎಲ್ಲರಿಗೂ ಮೊದಲು ಚೆಕ್ ಡ್ಯಾಂ ಬೇಕು. ನಮಗೂ ಬೇಕಿತ್ತು. ಕಾಣುತ್ತದೆ, ಕಲ್ಲು ಸಿಮೆಂಟು ಇರುತ್ತದೆ, ನೀರು ನಿಂತದ್ದು ಕಣ್ಣಿಗೆ ಖುಷಿ. ಆದರೆ ಮೇಲಿನ ಹೊಲಗಳಲ್ಲಿ ಮಣ್ಣು ತಡೆಯದೆ ಕೆಳಗೆ ಕಟ್ಟೆ ಕಟ್ಟಿದರೆ ಎರಡೇ ಮಳೆಗಾಲಕ್ಕೆ ಹೂಳು ತುಂಬಿ ಮೈದಾನ ಆಗುತ್ತದೆ. ನಮ್ಮೂರಲ್ಲಿ ಆಯಿತು, ಈಗ ಅದರ ಮೇಲೆ ಹುಡುಗರು ಕ್ರಿಕೆಟ್ ಆಡುತ್ತಾರೆ. ಆದ್ದರಿಂದ ದಿಣ್ಣೆಯಿಂದ ತಗ್ಗಿಗೆ ಬನ್ನಿ. ಮೊದಲು ಮೇಲಿನ ಹೊಲಗಳಿಗೆ ಕಂದಕ ಬದು, ಆಮೇಲೆ ಕೊರಕಲುಗಳಿಗೆ ಕಾಡುಕಲ್ಲು ಜೋಡಿಸಿದ ಸಣ್ಣ ಸಣ್ಣ ತಡೆ, ಆಮೇಲೆ ಗೋಕಟ್ಟೆ, ಹೊಂಡ, ಕೊನೆಗೆ ಬೇಕಿದ್ದರೆ ಚೆಕ್ ಡ್ಯಾಂ. ಜಲಾನಯನ ಮಾರ್ಗಸೂಚಿ ಹೇಳುವುದೂ ಇದನ್ನೇ.

ಕಂದಕ ಬದು ಅಂದರೆ ಇಳಿಜಾರಿಗೆ ಅಡ್ಡಲಾಗಿ ಕಂದಕ ತೋಡಿ, ಆ ಮಣ್ಣನ್ನು ಕೆಳಗಿನ ಬದಿಗೆ ಏರಿಸಿ ಬದು ಮಾಡುವುದು. 10 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ಒಂದು ಕಂದಕದಲ್ಲಿ ಸುಮಾರು 1,100 ಲೀಟರ್ ನೀರು ನಿಲ್ಲುತ್ತದೆ. ಒಂದೇ ಮಳೆಗಾಲದಲ್ಲಿ ಅದು ಎಷ್ಟು ಸಲ ತುಂಬಿ ಇಂಗುತ್ತದೆ ಯೋಚಿಸಿ. ಇಲ್ಲಿ ಎರಡು ತಪ್ಪು ಪದೇಪದೇ ಆಗುತ್ತದೆ. ಒಂದು, ಮಟ್ಟ ನೋಡದೆ ಕಣ್ಣಳತೆಯಲ್ಲಿ ಗೆರೆ ಹಾಕುವುದು, ಆಗ ನೀರು ಕಂದಕದಲ್ಲಿ ನಿಲ್ಲದೆ ಒಂದು ತುದಿಗೆ ಓಡಿ ಬದು ಒಡೆಯುತ್ತದೆ. ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪ್ ಸಾಕು, ಮಟ್ಟ ಸರಿಯಾಗಿ ಸಿಗುತ್ತದೆ. ಎರಡು, ಉದ್ದಕ್ಕೆ ಒಂದೇ ಕಾಲುವೆ ತೋಡುವುದು. ನಡುನಡುವೆ ಮಣ್ಣು ಹಾಗೇ ಬಿಟ್ಟು ತುಂಡು ತುಂಡಾಗಿ ತೋಡಿ. ಬದುವಿನ ಮೇಲೆ ಅದೇ ಮಳೆಯಲ್ಲಿ ಮೇವಿನ ಹುಲ್ಲು, ತೊಗರಿ, ಗ್ಲಿರಿಸಿಡಿಯಾ ಹಾಕಿಬಿಡಿ. ಬೇರು ಹಿಡಿಯದ ಬದು ಎರಡನೇ ವರ್ಷ ಉಳಿಯುವುದಿಲ್ಲ.

ಕೊಡಗು, ಸಕಲೇಶಪುರ ಕಡೆಯವರಿಗೆ ಮಾತ್ರ ಇದು ಹಾಗೇ ಹೊಂದುವುದಿಲ್ಲ, ದಯವಿಟ್ಟು ಕೇಳಿ. 2018ರಲ್ಲೂ 2020ರಲ್ಲೂ ಕೊಡಗಿನಲ್ಲಿ ಗುಡ್ಡ ಕುಸಿದದ್ದನ್ನು ಮರೆಯೋಕೆ ಆಗುತ್ತಾ? ಮಂಡ್ಯದ ಬಯಲಿನಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಕಡೆ ನೀರು ನಿಲ್ಲಿಸುವುದೇ ಕೆಲಸ. ಆದರೆ ಕಡಿದಾದ ಇಳಿಜಾರಿನಲ್ಲಿ, ಆಗಸ್ಟ್ ಮಳೆ ಬಿಡದೆ ಹೊಡೆಯುವ ಜಾಗದಲ್ಲಿ ಗುಂಡಿ ತೋಡಿ ನೀರು ಇಳಿಸಿದರೆ ಮಣ್ಣು ಭಾರವಾಗಿ ಜಾರಬಹುದು. ಅಲ್ಲಿ ಕೇಳಬೇಕಾದ್ದು ಬೇರೆ: ಕಾಡುಮರದ ನೆರಳು ಉಳಿಸುವುದು, ತೊರೆಯ ಎರಡೂ ದಡಕ್ಕೆ ಮರ, ಪಾಳು ಬಿದ್ದ ಗದ್ದೆಗಳನ್ನು ಮತ್ತೆ ನಾಟಿಗೆ ತರುವುದು. ಗದ್ದೆ ಬಯಲು ತಗ್ಗಿನಲ್ಲಿ ನೀರು ಹಿಡಿಯುವ ಹಾಗೆ ಯಾವ ಕಟ್ಟೆಯೂ ಹಿಡಿಯುವುದಿಲ್ಲ ಅನ್ನುವುದು ನನ್ನ ನಂಬಿಕೆ. ದೇವರಕಾಡು ಇದ್ದರೆ ಅದರ ಗಡಿ ಸರ್ವೆ ಮಾಡಿಸಿ ಅಂತ ಅರಣ್ಯ ಇಲಾಖೆಗೆ ಬರೆಯಿರಿ. ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಅಂತ 2002ರ ಕಾಯ್ದೆ ಹೇಳುತ್ತದೆ, ಹೊಳೆದಡದ ಮರಗಳನ್ನು ಅದರ ದಾಖಲೆಗೆ ಸೇರಿಸಿಸಿ.

ಗಿಡದ ದುಡ್ಡು

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನನಗೆ ಬಹಳ ಇಷ್ಟ, ಯಾಕೆಂದರೆ ಅದು ನೆಟ್ಟದ್ದಕ್ಕೆ ದುಡ್ಡು ಕೊಡುವುದಿಲ್ಲ, ಬದುಕಿದ್ದಕ್ಕೆ ಕೊಡುತ್ತದೆ. ಉಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ನೂರು ಗಿಡ ಮೂರು ವರ್ಷ ಉಳಿಸಿಕೊಂಡರೆ 12,500. ಸಸಿಯನ್ನೂ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಕಡಿಮೆ ದರಕ್ಕೆ ಕೊಡುತ್ತಾರೆ. ನೆಡುವ ಮೊದಲೇ ವಲಯ ಅರಣ್ಯ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು, ನೆಟ್ಟಮೇಲೆ ಹೋದರೆ ಕಷ್ಟ. ಬೇಸಿಗೆಯಲ್ಲೇ ಹೋಗಿ ಯಾವ ಜಾತಿ ಎಷ್ಟು ಬೇಕು ಅಂತ ಹೇಳಿಬಿಡಿ, ಮಳೆ ಬಂದ ಮೇಲೆ ಹೋದವರಿಗೆ ಉಳಿದದ್ದು ಸಿಗುತ್ತದೆ. ನೀಲಗಿರಿ, ಅಕೇಶಿಯಾಗೆ ಪ್ರೋತ್ಸಾಹಧನ ಇಲ್ಲ, ಉಳಿದ ಜಾತಿಗಳ ಪಟ್ಟಿ ಅಲ್ಲೇ ಕೇಳಿ. ಹಳ್ಳದ ದಡಕ್ಕೆ ಹೊಳೆಮತ್ತಿ, ನೇರಳೆ, ಹೊಂಗೆ, ಬಿದಿರು. ಬದುವಿನ ಮೇಲೆ ಹೆಬ್ಬೇವು, ಹುಣಸೆ, ಬೇವು.

ಕೇಂದ್ರ ಪರಿಸರ ಸಚಿವಾಲಯ 2022ರ ಮಾರ್ಚ್‌ನಲ್ಲಿ 13 ನದಿಗಳನ್ನು ಮರಗಿಡಗಳ ಮೂಲಕ ಪುನಶ್ಚೇತನ ಮಾಡುವ ವರದಿ ಬಿಡುಗಡೆ ಮಾಡಿತು, ಅದರಲ್ಲಿ ಕಾವೇರಿಯೂ ಇದೆ. ಅರಣ್ಯ ಇಲಾಖೆಗೆ ಬರೆಯುವಾಗ ಆ ವರದಿಯನ್ನು ಉಲ್ಲೇಖಿಸಿ.

ಕೆಲಸ ನಡೆಯುವಾಗ

ಖಾತ್ರಿ ಕೆಲಸ ಬೇಕು ಅಂತ ಲಿಖಿತವಾಗಿ ಕೇಳಿ, ನರೇಗಾದಲ್ಲಿ ಅದಕ್ಕೆ ನಮೂನೆ 6 ಇತ್ತು. ಬಾಯಿಮಾತಿಗೆ ಬಿಡಬೇಡಿ. ಕಾಮಗಾರಿಗೆ ಮೊದಲು, ನಡುವೆ, ಮುಗಿದ ಮೇಲೆ ಮೂರು ಹಂತದಲ್ಲಿ ಜಿಯೋಟ್ಯಾಗ್ (ಜಾಗದ ಗುರುತು ಸೇರಿದ) ಫೋಟೋ ಆಗಬೇಕು, ಮೊದಲ ಫೋಟೋ ತೆಗೆಯದೆ ಗುದ್ದಲಿ ಹಾಕಬೇಡಿ, ಆಮೇಲೆ ಬಿಲ್ ಸಿಕ್ಕಿಕೊಳ್ಳುತ್ತದೆ. ಹಾಜರಾತಿ ಮೊಬೈಲ್‌ನಲ್ಲೇ ಆಗುತ್ತದೆ, ಕೂಲಿಯವರ ಗುಂಪಿನ ಮೇಸ್ತ್ರಿಯಾದ ಕಾಯಕ ಬಂಧು ಹಾಕಿದ್ದಾರಾ ಅಂತ ದಿನಾ ನೋಡಿ. ಇಂಜಿನಿಯರ್ ಅಳತೆಗೆ ಬಂದಾಗ ನೀವೂ ಟೇಪ್ ಹಿಡಿಯಿರಿ. ಯಾರಾದರೂ ಜೆಸಿಬಿ ತಂದು ಒಂದೇ ದಿನದಲ್ಲಿ ಮುಗಿಸೋಣ, ಕೂಲಿ ಹಣ ಹಂಚಿಕೊಳ್ಳೋಣ ಅಂದರೆ ಒಪ್ಪಬೇಡಿ. ಖಾತ್ರಿಯಲ್ಲಿ ಗುತ್ತಿಗೆದಾರರಿಗೂ ಕೂಲಿಯವರ ಕೆಲಸ ಕಸಿಯುವ ಯಂತ್ರಕ್ಕೂ ಜಾಗವಿಲ್ಲ, ಸಿಕ್ಕಿಬಿದ್ದರೆ ಹಣ ವಾಪಸ್ ಕಟ್ಟಬೇಕಾದವರ ಪಟ್ಟಿಯಲ್ಲಿ ನಿಮ್ಮ ಹೆಸರೂ ಬರಬಹುದು.

ಎಲ್ಲೋ ನಿಂತುಹೋದರೆ ಮೊದಲು ಪಿಡಿಓ, ಆಮೇಲೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ. ಆಗಲೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ. ಅದರಲ್ಲಿ ಯಾಕೆ ಮಾಡಿಲ್ಲ ಅಂತ ಕೇಳಬೇಡಿ. ಇಂಥ ವರ್ಷದ ಕ್ರಿಯಾ ಯೋಜನೆಯ ಪ್ರತಿ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳ ನಕಲು ಕೊಡಿ ಅಂತ ಕಾಗದವನ್ನೇ ಕೇಳಿ. ಆದ ಕೆಲಸದ ಲೆಕ್ಕವನ್ನು ಊರವರ ಮುಂದೆ ಓದುವ ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಗೆ ತಪ್ಪದೆ ಹೋಗಿ. ಅಧಿಕಾರಿಗಳಲ್ಲಿ ಒಳ್ಳೆಯವರೂ ಬೇಕಾದಷ್ಟು ಇದ್ದಾರೆ, ನಮಗೆ ದಾರಿ ತೋರಿಸಿದ್ದು ಒಬ್ಬ ತಾಂತ್ರಿಕ ಸಹಾಯಕರೇ. ಭಾನುವಾರ ಬಂದು ಮಟ್ಟ ಹಾಕಿಕೊಟ್ಟರು.

ಮುಗಿದ ಮೇಲೆ

ದುಡ್ಡು ಬಂದು ಫಲಕ ಹಾಕಿದ ಮೇಲೆ ಎಲ್ಲರೂ ಮರೆಯುತ್ತಾರೆ. ಜಲಾನಯನ ಯೋಜನೆಯಲ್ಲಿ ಊರವರ ವಂತಿಗೆಯಿಂದ ಒಂದು ಅಭಿವೃದ್ಧಿ ನಿಧಿ ಇಡುತ್ತಾರೆ, ಅದು ಮುಂದಿನ ದುರಸ್ತಿಗೇ ಇರುವುದು. ಅದರ ಪಾಸ್‌ಬುಕ್ ಯಾರ ಹತ್ತಿರ ಇದೆ, ಎಷ್ಟಿದೆ ಅಂತ ವರ್ಷಕ್ಕೊಮ್ಮೆ ಸಭೆಯಲ್ಲಿ ಓದಿಸಿ. ಯೋಜನೆ ಇಲ್ಲದ ಊರಿನವರು ಎಕರೆಗೆ ಇಷ್ಟು ಅಂತ ತಾವೇ ಹಾಕಿಕೊಳ್ಳಬಹುದು, ನಾವು ಹಾಗೇ ಮಾಡಿದ್ದೇವೆ, ಜಾಸ್ತಿ ಏನಲ್ಲ. ಬೇಸಿಗೆಯಲ್ಲಿ ಕಂದಕದ ಹೂಳು ತೆಗೆದು ಅವರವರ ಹೊಲಕ್ಕೇ ಹಾಕಿಕೊಳ್ಳಿ, ಅದು ನಿಮ್ಮದೇ ಮೇಲ್ಮಣ್ಣು.

ಮುಂಗಾರಿನ ಮೊದಲ ಜೋರು ಮಳೆ ಬಂದ ದಿನ ಮತ್ತೆ ಮೇಲಕ್ಕೆ ನಡೆಯಿರಿ, ಕೈಯಲ್ಲಿ ಸನಿಕೆ ಇರಲಿ. ಬದು ಬಿಟ್ಟುಕೊಂಡ ಕಡೆ ಅವತ್ತೇ ನಾಲ್ಕು ಬಾಂಡ್ಲಿ ಮಣ್ಣು ಹಾಕಿ ತುಳಿಯಿರಿ, ಬೆಳಿಗ್ಗೆವರೆಗೆ ಬಿಟ್ಟರೆ ಅದು ನಲವತ್ತು ಆಗಿರುತ್ತದೆ. ನಿಮ್ಮ ಕೈಲಾಗದಷ್ಟು ದೊಡ್ಡದಾಗಿ ಒಡೆದಿದ್ದರೆ ಫೋಟೋ ತೆಗೆದು ದಿನಾಂಕ ಬರೆದಿಟ್ಟುಕೊಳ್ಳಿ. ಅಕ್ಟೋಬರ್ ವಾರ್ಡ್ ಸಭೆಗೆ ಕೊಡುವ ಹಾಳೆಯಲ್ಲಿ ಅದೇ ಮೊದಲ ಸಾಲು.